ತಂದೆಯ ಸಹಿ

12 ಜನವರಿ 1974
ಶಾಸಕರ ವಸತಿಗೃಹ

ಪ್ರೀತಿಯ ಪುಟ್ಟಿಗೆ,

ಕೊನೆಗೂ ನನ್ನ ಹೆಸರು ಬಂತು. ಸಂವಿಧಾನ ತಿದ್ದುಪಡಿ ಸಮಿತಿಯಲ್ಲಿ ಹನ್ನೆರಡು ಜನ: ಹನ್ನೊಂದು ಗಂಡಸರು ಮತ್ತು ನಿನ್ನ ಅಕ್ಕ. ಅಚ್ಚಾದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆಯೂ ‘ಶ್ರೀ’ ಎಂದೇ ಇದೆ. ತಿದ್ದಿಸಿ ಎಂದರೆ ಕಾರ್ಯದರ್ಶಿ, “ಅಚ್ಚಾಗಿಹೋಗಿದೆ ಮೇಡಂ, ಮುಂದಿನ ಸಲ ನೋಡೋಣ” ಎಂದ. ಮುಂದಿನ ಸಲ ಅಂದರೆ ಯಾವಾಗ? ನಮ್ಮ ರಾಜ್ಯದ ಸಂವಿಧಾನವನ್ನು ಕಳೆದ ಸಲ ತಿದ್ದಿದಾಗ ಅಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ.

ಮೊದಲ ಸಭೆ ನಿನ್ನೆ ನಡೆಯಿತು. ಉದ್ದನೆಯ ಮೇಜು, ಗೋಡೆಯ ತುಂಬ ಸತ್ತವರ ತೈಲಚಿತ್ರ. ಕಾಗದ ಹಾರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದಾರೆ, ಒಳಗೆ ಸಿಗರೇಟಿನ ಹೊಗೆ. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ಅಧ್ಯಕ್ಷರು, “ನಿಮ್ಮ ಅಕ್ಷರ ಮುತ್ತಿನ ಹಾಗಿದೆಯಂತಲ್ಲಮ್ಮ, ಸಭೆಯ ಟಿಪ್ಪಣಿ ನೀವೇ ಬರೆದುಬಿಡಿ” ಎಂದರು. ಹತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದು, ಸಂಜೆ ಕಾಲೇಜಿನಲ್ಲಿ ಕಾನೂನು ಓದಿ, ಎರಡು ಚುನಾವಣೆ ಗೆದ್ದು ಬಂದದ್ದು ಟಿಪ್ಪಣಿ ಬರೆಯಲಿಕ್ಕೆ! “ಬರೀತೀನಿ ಸಾರ್. ಆದರೆ ನಾನು ಬರೆದರೆ ಯಾರು ಏನು ಹೇಳಿದರೋ ಹಾಗೇ ಬರೀತೀನಿ” ಎಂದೆ. ಎರಡೇ ನಿಮಿಷದಲ್ಲಿ ಒಬ್ಬ ಗುಮಾಸ್ತ ಬಂದು ಕೂತ.

ನಾನು ಹಿಡಿದಿರುವುದು ಹದಿನೇಳನೇ ವಿಧಿ. ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ ಕೂರುವ ನಿನಗೆ ಅದು ಬಾಯಿಪಾಠ. ‘ಮಗುವಿನ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ತಂದೆಯದು, ತಂದೆಯ ಗೈರುಹಾಜರಿಯಲ್ಲಿ ತಂದೆಯ ಕಡೆಯ ಹಿರಿಯ ಗಂಡಸಿನದು.’ ಹೆತ್ತವಳು ಎಂಬವಳೊಬ್ಬಳು ಇದ್ದಾಳೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ನಾನು ಕೇಳುತ್ತಿರುವುದು ಮೂರೇ ಪದ: ‘ತಂದೆ ಅಥವಾ ತಾಯಿ’. ಆ ಮೂರು ಪದ ಸೇರಬೇಕಾದರೆ ಸಮಿತಿ ಒಪ್ಪಬೇಕು, ಆಮೇಲೆ ನೂರ ಇಪ್ಪತ್ತು ಶಾಸಕರಲ್ಲಿ ಎಂಬತ್ತು ಜನ ಕೈ ಎತ್ತಬೇಕು.

ನಿನ್ನ ಕೌಂಟರಿನ ಮುಂದೆ ಏನೇನು ನಡೆಯುತ್ತದೆ, ಬರೆದು ಕಳಿಸು. ನನಗೆ ಭಾಷಣ ಬೇಡ, ಘಟನೆ ಬೇಕು. ಗುಬ್ಬಿಗೆ ಮುದ್ದು.

ನಿನ್ನ ಅಕ್ಕ

20 ಫೆಬ್ರವರಿ 1974

ಅಕ್ಕಾ,

‘ಶ್ರೀ’ ಎಂದು ಹಾಕಿದ್ದು ಒಳ್ಳೆಯದೇ ಆಯಿತು, ನಿನ್ನ ಗಂಟಲು ಕೇಳಿದವರು ಯಾರೂ ಅನುಮಾನ ಪಡುವುದಿಲ್ಲ.

ಘಟನೆ ಕೇಳಿದ್ದೀಯ. ಹೋದ ತಿಂಗಳದ್ದು ಬರೆಯುತ್ತೇನೆ. ಶಾಲಾ ಮಾಸ್ತರಿಣಿಯೊಬ್ಬಳ ಮಗಳು ಜಾರುಬಂಡೆಯಿಂದ ಬಿದ್ದು ಕೈ ಮುರಿದುಕೊಂಡಳು. ಗಂಡ ಇದೇ ಊರಿನಲ್ಲಿದ್ದಾನೆ, ಎರಡು ಬೀದಿ ಆಚೆ. ಹೆಂಡತಿಯ ಮೇಲಿನ ಸಿಟ್ಟಿಗೆ ಮೂರು ದಿನ ಸಹಿ ಹಾಕಲು ಬರಲಿಲ್ಲ. ಬಂದಾಗ ಮೂಳೆ ಸೊಟ್ಟಗೆ ಕೂತಿತ್ತು. ಇನ್ನೊಬ್ಬಳು ವಿಧವೆ. ಅವಳ ಮಗುವಿಗೆ ಕುಡಿದು ತೂರಾಡುತ್ತಿದ್ದ ಮೈದುನ ‘ಹಿರಿಯ ಗಂಡಸು’. ಅವನ ಕೈಯನ್ನು ನಾನು ಮತ್ತು ಜವಾನ ಸೇರಿ ಹಿಡಿದು ಸಹಿ ಮಾಡಿಸಿದೆವು. ಹೆತ್ತವಳು ಪಕ್ಕದಲ್ಲಿ ಮೈಮೇಲೆ ಎಚ್ಚರವಿದ್ದು ನಿಂತಿದ್ದಳು.

ನನ್ನದು ನಿನಗೆ ಗೊತ್ತೇ ಇದೆ. ನನ್ನ ಗಂಡ ಹಡಗು ಹತ್ತಿ ಆರು ವರ್ಷವಾಯಿತು. ಸತ್ತನೋ ಇದ್ದಾನೋ ಸಮುದ್ರಕ್ಕೇ ಗೊತ್ತು. ಗುಬ್ಬಿಯ ಪ್ರತಿ ಅರ್ಜಿಗೂ ನಾನು ಮಾವನ ಮನೆ ಗೇಟಿನ ಮುಂದೆ ನಿಲ್ಲಬೇಕು. ಅವರು ಒಳಗೆ ಪೇಪರ್ ಓದುತ್ತಿರುವುದು ಕಿಟಕಿಯಿಂದ ಕಾಣುತ್ತಿರುತ್ತದೆ. ಕೊನೆಯ ಪುಟ ಮುಗಿದ ಮೇಲೆ ಹೊರಗೆ ಬಂದು, “ಓಹ್, ನೀನಾ?” ಅನ್ನುತ್ತಾರೆ.

ಇಷ್ಟೇ. ಬೇರೆ ಹೇಳುವಂಥದ್ದೇನೂ ಇಲ್ಲ.

ಪುಟ್ಟಿ

18 ಮಾರ್ಚ್ 1974

ಪ್ರೀತಿಯ ಪುಟ್ಟಿಗೆ,

ನೀನು ಬರೆದದ್ದನ್ನು ಊರಿನ ಹೆಸರು ಬಿಟ್ಟು ಸಮಿತಿಯಲ್ಲಿ ಓದಿದೆ. ಗಿರಣಿ ಮಾಲೀಕರೊಬ್ಬರು ಸದಸ್ಯರಿದ್ದಾರೆ, ಹದಿನೇಳನೇ ವಿಧಿ ಅಂದರೆ ಅವರಿಗೆ ಅಪ್ಪನ ಆಸ್ತಿ ಇದ್ದ ಹಾಗೆ. “ಮೇಡಂ, ನಿಮಗೆ ಮಕ್ಕಳೆಷ್ಟು?” ಅಂದರು. ಎಲ್ಲರೂ ನಕ್ಕರು. ನಾನಂದೆ, “ನನಗೆ ಒಂದೂ ಇಲ್ಲ ಸಾರ್. ನಿಮಗೆ ಏಳು. ಏಳನೆಯದು ಈಗ ಎಷ್ಟನೇ ಕ್ಲಾಸು?” ಅವರು ಬೆರಳು ಎಣಿಸಿ, “ಅದು... ಮನೆಯವರಿಗೆ ಗೊತ್ತಿರುತ್ತೆ” ಅಂದರು. ಈ ಸಲ ನಗು ಅವರ ಕಡೆ ತಿರುಗಿತು.

ಆದರೆ ನಗು ಮತವಾಗುವುದಿಲ್ಲ. ಅಧ್ಯಕ್ಷರು ಫೈಲು ಮುಚ್ಚುತ್ತಾ, “ಒಂದು ಹುಡುಗಿಯ ಕೈ ಸೊಟ್ಟಗಾಯ್ತು ಅಂತ ಸಂವಿಧಾನ ತಿದ್ದೋದೇನಮ್ಮ?” ಎಂದರು. ಆ ಮನುಷ್ಯನ ಮುಖಕ್ಕೆ ಮಸಿಕುಡಿಕೆ ಎಸೆಯಬೇಕು ಅನ್ನಿಸಿತು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮಲ್ಲಿ ಈ ಸಹಿಯ ಕಾರಣಕ್ಕೆ ಯಾವುದಾದರೂ ಮಗು ತೀರಿಕೊಂಡಿದೆಯೇ? ಅಂಥದ್ದೊಂದು ಸಿಕ್ಕರೆ ಇವರ ಬಾಯಿ ಮುಚ್ಚಿಸಬಹುದು. ಹಳೆಯ ರಿಜಿಸ್ಟರ್ ನೋಡು.

ಅಕ್ಕ

2 ಜೂನ್ 1974

ಪುಟ್ಟಿ,

ಎರಡೂವರೆ ತಿಂಗಳಾಯಿತು, ಒಂದು ಸಾಲಿಲ್ಲ. ಹೋದ ವರ್ಷ ನೀನು ಕೇಳಿದ ವರ್ಗಾವಣೆಯನ್ನು ನಾನು ಮಾಡಿಸಿಕೊಡಲಿಲ್ಲ ಎಂದು ಮುನಿಸಿಕೊಂಡಿದ್ದೀಯ ಅಂತ ಗೊತ್ತು. ಆರೋಗ್ಯ ಮಂತ್ರಿಗೆ ಒಂದು ಮಾತು ಹೇಳಲು ನನಗೆ ಕಷ್ಟವಿಲ್ಲ. ಆದರೆ ಒಮ್ಮೆ ಕೈಚಾಚಿದರೆ ನಾಳೆ ಅವರು ಲೆಕ್ಕ ಕೇಳುತ್ತಾರೆ. ಚಿಕ್ಕವಳಿದ್ದಾಗಿನಿಂದ ನೀನು ಹೀಗೆಯೇ. ಕೇಳಿದ್ದು ಸಿಗದಿದ್ದರೆ ಬಾಯಿಗೆ ಬೀಗ.

ಇಲ್ಲಿ ಕೆಲಸ ಸಾಗುತ್ತಿದೆ. ಕೆಲವು ಮಾತುಕತೆಗಳಾಗಿವೆ. ಆಮೇಲೆ ಬರೆಯುತ್ತೇನೆ. ರಿಜಿಸ್ಟರ್ ನೋಡಿದೆಯಾ?

ಅಕ್ಕ

9 ಜುಲೈ 1974

ಅಕ್ಕಾ,

ವರ್ಗಾವಣೆಯನ್ನು ಸುಟ್ಟುಹಾಕು. ನಾನು ಅದನ್ನು ಕೇಳಿದ್ದೇ ಯಾಕೆ ಎಂದು ನೀನು ಒಮ್ಮೆಯಾದರೂ ಕೇಳಿದೆಯಾ?

‘ಅಂಥದ್ದೊಂದು ಸಿಕ್ಕರೆ’ ಎಂದು ಬರೆದಿದ್ದೀಯ. ಸಂತೆಯಲ್ಲಿ ಹರಿವಾಣ ಹುಡುಕುವವರ ಹಾಗೆ. ತಗೋ, ಸಿಕ್ಕಿದೆ. ರಿಜಿಸ್ಟರ್ ನೋಡಬೇಕಾಗಿಲ್ಲ, ಅದನ್ನು ಬರೆದವಳು ನಾನೇ.

ಮೂರು ವರ್ಷದ ಹಿಂದೆ ಒಂದು ಸೋಮವಾರ, ಬೆಳಿಗ್ಗೆ ಹತ್ತೂ ನಲವತ್ತು. ಬೆಂಕಿಪೆಟ್ಟಿಗೆ ಕಾರ್ಖಾನೆಯ ಒಬ್ಬ ಹೆಂಗಸು ಏಳು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. “ಹೊಟ್ಟೆ ಮುಟ್ಟಕ್ಕೆ ಬಿಡ್ತಿಲ್ಲಮ್ಮ” ಅಂದಳು. ತಂದೆ ಎಲ್ಲಿ ಎಂದೆ. ಅಣೆಕಟ್ಟಿನ ಕೆಲಸಕ್ಕೆ ಹೋಗಿದ್ದಾರೆ, ಎರಡು ದಿನದ ದಾರಿ ಎಂದಳು. ಮಾವ? ಹೊಳೆಯಾಚೆ ಹಳ್ಳಿಯಲ್ಲಿ. ಹಾಗಾದರೆ ಅವರನ್ನ ಕರ್ಕೊಂಡ್ ಬನ್ನಿ ಎಂದೆ. ಅವಳು ಫಾರಂ ತನ್ನ ಕಡೆ ಎಳೆದುಕೊಂಡು, “ನಾನೇ ಹಾಕ್ತೀನಿ ಸಹಿ. ನಂಗೆ ಬರೆಯೋಕೆ ಬರುತ್ತೆ” ಎಂದಳು. ನಾನು ಫಾರಂ ವಾಪಸು ಎಳೆದುಕೊಂಡೆ. “ನಿಮ್ಮ ಸಹಿ ನಡೆಯಲ್ಲ” ಎಂದೆ. ತಲೆ ಎತ್ತಿ ಕೂಡ ನೋಡಲಿಲ್ಲ ಅಕ್ಕಾ. ಹಿಂದೆ ನಲವತ್ತು ಜನ ಸಾಲಿನಲ್ಲಿದ್ದರು.

ನನ್ನಿಂದ ನಂಬರ್ ಸಿಗದೆ ಡಾಕ್ಟರು ಯಾರನ್ನೂ ನೋಡುವಂತಿಲ್ಲ. ಮರುದಿನ ಮಧ್ಯಾಹ್ನ ಮಾವನನ್ನು ಕರೆದುಕೊಂಡು ಬಂದಳು. ಅವರು ಸಹಿ ಹಾಕಿದರು. ಕರುಳಿನ ಬಾಲ, ಅಪೆಂಡಿಕ್ಸ್, ಒಡೆದು ವಿಷವಾಗಿತ್ತು. ಸಂಜೆ ಐದಕ್ಕೆ ಮಗು ಹೋಯಿತು.

ಸೂಪರಿಂಟೆಂಡೆಂಟ್ ಬಂದು, “ತಡವಾಗಿ ತಂದಿದ್ದಾರೆ ಅಂತ ಬರೀರಿ” ಅಂದರು. ಬರೆದೆ. ‘ತಡವಾಗಿ ಕರೆತರಲಾಗಿದೆ.’ ಸೋಮವಾರ ಅವಳು ಬಂದಿದ್ದಕ್ಕೆ ಎಲ್ಲಿಯೂ ಗುರುತಿಲ್ಲ, ಯಾಕೆಂದರೆ ನಾನು ನಂಬರ್ ಕೊಟ್ಟಿರಲಿಲ್ಲ. ಆ ಒಂದು ಸಾಲಿನ ಮೇಲೆ ಗಂಡನ ಮನೆಯವರು ಅವಳ ಮಾತು ನಂಬದೆ ಅವಳನ್ನು ಹೊರಗೆ ಹಾಕಿದರು. ಹೊಟ್ಟೆನೋವನ್ನು ಎರಡು ದಿನ ಮುಚ್ಚಿಟ್ಟು ಮಗುವನ್ನು ಕೊಂದಳು ಅಂತ. ಬಸ್ ನಿಲ್ದಾಣದಲ್ಲಿ ಆಗಾಗ ಅವಳು ಎದುರಾಗುತ್ತಾಳೆ. ನಾನು ಕಂಬದ ಹಿಂದೆ ನಿಲ್ಲುತ್ತೇನೆ.

ಈ ಊರು ಬಿಡಬೇಕು ಎಂದು ನಾನು ಗೋಗರೆದದ್ದು ಇದಕ್ಕೆ.

ಇದನ್ನು ಯಾರಿಗೂ ಹೇಳಬೇಡ. ಗುಬ್ಬಿಗೆ ಗೊತ್ತಿಲ್ಲ. ಅಮ್ಮನಿಗೂ ಹೇಳಿರಲಿಲ್ಲ.

ಪುಟ್ಟಿ

15 ಜುಲೈ 1974

ನನ್ನ ಪುಟ್ಟಿ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ತಪ್ಪು ನಿನ್ನದಲ್ಲ, ಆ ವಿಧಿಯದು. ಭಯಪಡಬೇಡ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ. ಮಾತು ಕೊಡುತ್ತೇನೆ.

ಅಕ್ಕ

4 ಸೆಪ್ಟೆಂಬರ್ 1974

ಮಾನ್ಯ ಶಾಸಕರಿಗೆ,

ತಮ್ಮ ಭಾಷಣವನ್ನು ಪತ್ರಿಕೆಯಲ್ಲಿ ಓದಿದೆ. ಮೊದಲ ಪುಟದಲ್ಲಿಯೇ ಬಂದಿದೆ. ‘ಕಣ್ಣೀರಿನಲ್ಲಿ ಮುಳುಗಿದ ಸದನ.’ ಚೆನ್ನಾಗಿದೆ. ಬೆಂಕಿಪೆಟ್ಟಿಗೆ ಕಾರ್ಖಾನೆ ಇದೆ, ಏಳು ವರ್ಷ ಇದೆ, ಸೋಮವಾರ ಇದೆ. ‘ಕೌಂಟರಿನಲ್ಲಿದ್ದ ಕಲ್ಲುಹೃದಯದ ಗುಮಾಸ್ತೆ’ ಕೂಡ ಇದ್ದಾಳೆ. ನನ್ನ ಹೆಸರು ಮಾತ್ರ ಇಲ್ಲ. ಹೆಸರು ಬರುವುದಿಲ್ಲ ಎಂದು ತಾನೇ ನೀನು ಮಾತು ಕೊಟ್ಟಿದ್ದು? ವಕೀಲೆ ಕಣೇ ನೀನು. ಅಕ್ಕ ಅಂದುಕೊಂಡು ಓದಿದೆ ನೋಡು, ನನ್ನ ತಪ್ಪು.

ಈ ರಾಜ್ಯದಲ್ಲಿ ಬೆಂಕಿಪೆಟ್ಟಿಗೆ ಕಾರ್ಖಾನೆ ಇರುವ ಊರು ಎಷ್ಟಿವೆ? ಭಾಷಣ ಅಚ್ಚಾದ ಮೂರನೇ ದಿನಕ್ಕೆ ವರದಿಗಾರರು ಆಸ್ಪತ್ರೆಗೆ ಬಂದರು. ಐದನೇ ದಿನ ನನ್ನನ್ನು ಅಮಾನತು ಮಾಡಿದರು. ‘ತಡವಾಗಿ’ ಎಂದು ಬರೆಯಿರಿ ಎಂದ ಸೂಪರಿಂಟೆಂಡೆಂಟರೇ ಆದೇಶಕ್ಕೆ ಸಹಿ ಹಾಕಿದ್ದಾರೆ. ಶಾಲೆಯಲ್ಲಿ ಗುಬ್ಬಿಯನ್ನು ಮಕ್ಕಳು ಏನೆಂದು ಕೂಗುತ್ತಾರೆ ಅಂತ ಬರೆಯುವುದಿಲ್ಲ, ನಾಳೆ ಅದೂ ಸದನದಲ್ಲಿ ಬಂದೀತು.

ಆರನೇ ದಿನ ಅವಳು ನಮ್ಮ ಮನೆಗೆ ಬಂದಳು. ಆ ತಾಯಿ. ಬಾಗಿಲಲ್ಲೇ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೂ ಅಂದುಕೊಂಡೆ. “ನಿಮ್ಮಕ್ಕ ಮಾತಾಡಿದ್ದು ನನ್ನ ಮಗಳ ವಿಷಯ ಅಲ್ವಾ? ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?” ಎಂದಳು. ನಾನೂ ಅವಳನ್ನು ಕೇಳಿರಲಿಲ್ಲ. ಆಮೇಲೆ ಹೇಳಿದಳು, “ಕಾನೂನು ಗೀನೂನು ನನಗೆ ಬೇಡ. ಆ ಪುಸ್ತಕದಲ್ಲಿ ‘ತಡವಾಗಿ’ ಅಂತ ಬರ್ದಿದೀರಲ್ಲ, ಅದನ್ನ ಹೊಡೆದು ಹಾಕಿ. ನಾನು ತಡ ಮಾಡಿಲ್ಲ.”

ಇನ್ನೂ ಇದೆ. ಅದೇ ಪತ್ರಿಕೆಯ ಒಳಪುಟದಲ್ಲಿ ನಿಮ್ಮ ಸಮಿತಿ ಒಪ್ಪಿದ ಹೊಸ ವಿಧಿಯನ್ನು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ‘ತಂದೆ ಮೃತಪಟ್ಟಿದ್ದಲ್ಲಿ ಅಥವಾ ವಿಚ್ಛೇದನವಾಗಿದ್ದಲ್ಲಿ ತಾಯಿ ಒಪ್ಪಿಗೆ ಕೊಡಬಹುದು.’ ಸಮಿತಿಯ ಒಪ್ಪಿಗೆಯ ತಾರೀಖು ಮೇ ಇಪ್ಪತ್ತೆಂಟು. ಅಂದರೆ ಜೂನ್ ಎರಡರಂದು ನೀನು ‘ಕೆಲವು ಮಾತುಕತೆಗಳಾಗಿವೆ’ ಎಂದು ಬರೆದಾಗ ವ್ಯಾಪಾರ ಕುದುರಿ ಆಗಿತ್ತು.

ಆ ಮಗುವಿನ ತಂದೆ ಸತ್ತಿರಲಿಲ್ಲ ಅಕ್ಕಾ. ವಿಚ್ಛೇದನವೂ ಆಗಿರಲಿಲ್ಲ. ಕೆಲಸಕ್ಕೆ ಹೋಗಿದ್ದ. ನಿನ್ನ ಹೊಸ ವಿಧಿ ಅಂದೇ ಇದ್ದಿದ್ದರೂ ನಾನು ಆ ಫಾರಂ ವಾಪಸು ಎಳೆದುಕೊಳ್ಳಲೇಬೇಕಿತ್ತು. ಸತ್ತ ಮಗುವನ್ನು ಸದನದಲ್ಲಿ ಇನ್ನೊಂದು ಸಲ ಮಲಗಿಸಿ ಎಲ್ಲರನ್ನೂ ಅಳಿಸಿದೆ, ಆದರೆ ಅದನ್ನು ಉಳಿಸದ ಕಾನೂನು ತಂದೆ. ನನ್ನ ಗುಬ್ಬಿಗೂ ಅದರಲ್ಲಿ ಜಾಗವಿಲ್ಲ.

ಇನ್ನು ಪತ್ರ ಬರೆಯಬೇಡ.

11 ಸೆಪ್ಟೆಂಬರ್ 1974

ಪುಟ್ಟಿ,

ಬರೆಯಬೇಡ ಎಂದರೂ ಬರೆಯುತ್ತೇನೆ. ನಿನಗೆ ಎಂಬತ್ತು ಮತ ಅಂದರೇನು ಗೊತ್ತೇ? ನನ್ನ ಮೂರು ಪದಕ್ಕೆ ಇದ್ದದ್ದು ಮೂವತ್ತೊಂದು. ಒಬ್ಬೊಬ್ಬರ ಕೋಣೆಯ ಹೊರಗೂ ಬೆಂಚಿನ ಮೇಲೆ ಕಾದಿದ್ದೇನೆ. “ಬನ್ನಿ ತಂಗೀ” ಅಂತ ಕರೆದು, ಅರ್ಧ ಗಂಟೆ ತಮ್ಮ ಮೊಣಕಾಲು ನೋವಿನ ಕಥೆ ಹೇಳಿ, “ನೋಡೋಣ” ಎಂದು ಕಳಿಸಿದ್ದಾರೆ. ನಾನಿಲ್ಲದಾಗ ನನಗೆ ಏನೇನು ಹೆಸರಿಟ್ಟಿದ್ದಾರೋ ನಿನಗೆ ಗೊತ್ತಿಲ್ಲ. ಈಗ ವಿಧವೆಯರಿಗಾದರೂ ಕುಡುಕ ಮೈದುನನ ಕೈ ಹಿಡಿಯುವುದು ತಪ್ಪುತ್ತದೆ. ಅದು ಸಣ್ಣದೇ? ಒಂದು ಬಾಗಿಲು ತೆಗೆದರೆ ನಾಳೆ ಇನ್ನೊಂದನ್ನು ತೆಗೆಯಬಹುದು ಅಂದುಕೊಂಡೆ.

ಕೌಂಟರಿನ ಹಿಂದೆ ಕೂತು ನನಗೆ ಧರ್ಮ ಹೇಳುವುದು ಸುಲಭ. ನನ್ನನ್ನು ವ್ಯಾಪಾರಿ ಎಂದೆ. ಸರಿ. ಆ ಸೋಮವಾರ ಪೆನ್ನು ನಿನ್ನ ಕೈಯಲ್ಲಿತ್ತು, ನನ್ನ ಕೈಯಲ್ಲಲ್ಲ.

ಅಕ್ಕ

21 ಅಕ್ಟೋಬರ್ 1974

ಸಂವಿಧಾನ ತಿದ್ದುಪಡಿ ಸಮಿತಿಯ ಸದಸ್ಯೆಯವರಿಗೆ,

ವಿಷಯ: ಸಾಕ್ಷ್ಯ ನುಡಿಯಲು ಅನುಮತಿ ಕೋರಿ.

ಹದಿನೇಳನೇ ವಿಧಿಯ ಬಗ್ಗೆ ಸಮಿತಿಯು ಸಾರ್ವಜನಿಕರ ಅಹವಾಲನ್ನು ಕೇಳಿಲ್ಲವೆಂದು ತಿಳಿದುಬಂದಿದೆ. ಸಮಿತಿಯ ಯಾವ ಸದಸ್ಯರಾದರೂ ಸಾಕ್ಷಿಗಳನ್ನು ಕರೆಸಬಹುದೆಂದು ನಿಯಮವಿದೆಯಂತೆ. ಆದ್ದರಿಂದ ಮೃತ ಮಗುವಿನ ತಾಯಿ ಮತ್ತು ಅಮಾನತಿನಲ್ಲಿರುವ ಗುಮಾಸ್ತೆ, ನಾವಿಬ್ಬರೂ ಹಾಜರಾಗಲು ಸಿದ್ಧರಿದ್ದೇವೆ. ಆಕೆಯ ಅರ್ಜಿಯನ್ನು ಆಕೆಯೇ ಬರೆದು ಸಹಿ ಹಾಕಿದ್ದಾರೆ. ಲಗತ್ತಿಸಿದೆ.

ಪೆನ್ನು ನನ್ನ ಕೈಯಲ್ಲಿತ್ತು. ಹೌದು. ಅದನ್ನು ಹೇಳಲಿಕ್ಕೇ ಬರುತ್ತೇನೆ. ಕರೆಸುವ ಧೈರ್ಯ ನಿನಗಿದೆಯೇ ನೋಡೋಣ.

14 ಡಿಸೆಂಬರ್ 1974

ಪುಟ್ಟಿ,

ಸಾಕ್ಷ್ಯದ ದಿನ ನೀನು ಬಂದು, ಹೇಳಿ, ನನ್ನ ಮುಖ ನೋಡದೆ ಹೋದೆ. ನಾನೂ ನಿನ್ನನ್ನು ‘ಸಾಕ್ಷಿಯವರೇ’ ಎಂದೇ ಕರೆದೆ. ನೀವಿಬ್ಬರೂ ಹೊರಗೆ ಹೋದ ಮೇಲೆ ಏನಾಯಿತು ಎನ್ನುವುದು ನಿನಗೆ ಗೊತ್ತಿಲ್ಲ. ಅದನ್ನು ಬರೆಯುತ್ತೇನೆ. ಅದಕ್ಕೂ ಮೊದಲು ಮುಚ್ಚಿಟ್ಟದ್ದೊಂದನ್ನು ಹೇಳುತ್ತೇನೆ.

ಮೇ ತಿಂಗಳಲ್ಲಿ ನಾನು ಅರ್ಧಕ್ಕೆ ಒಪ್ಪಿದ್ದು ಎಂಬತ್ತು ಮತದ ಲೆಕ್ಕಕ್ಕೆ ಮಾತ್ರವಲ್ಲ. ಈ ವಿಧಿ ಗಲಾಟೆಯಿಲ್ಲದೆ ಮುಗಿದರೆ, ಸಾರ್ವಜನಿಕ ಸಾಕ್ಷ್ಯ ಕೇಳದಿದ್ದರೆ, ಜನವರಿಯಲ್ಲಿ ಕಾನೂನು ಖಾತೆ ನನಗೆ ಎಂದು ಮಾತಾಗಿತ್ತು. ಈ ರಾಜ್ಯದ ಮೊದಲ ಮಹಿಳಾ ಕಾನೂನು ಮಂತ್ರಿ. ಖಾತೆ ಬಂದ ಮೇಲೆ ಉಳಿದರ್ಧ ಮಾಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ಜುಲೈ ಪತ್ರ ಬಂದಾಗ, ಆ ಮಗುವನ್ನು ನನ್ನ ವಿಧಿ ಉಳಿಸುವುದಿಲ್ಲ ಎಂದು ಮೊದಲ ಓದಿಗೇ ಗೊತ್ತಾಯಿತು. ಉಳಿದ ಮೂರು ಸಲ ಓದಿದ್ದು ಆ ಮಗುವಿನ ಸಾವನ್ನು ಹೇಗೆ ಹೇಳಿದರೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ ಎಂದು ಹುಡುಕಲಿಕ್ಕೆ. ನಿನ್ನನ್ನು ಕಲ್ಲುಹೃದಯದವಳು ಮಾಡಿದ್ದು ಅದಕ್ಕೇ. ಜನ ನಿನ್ನ ಮೇಲೆ ಸಿಟ್ಟಾದರೆ ವಿಧಿಯ ಮಾತುಗಳನ್ನು ಓದುವುದಿಲ್ಲ. ಓದಿದವಳು ನೀನೊಬ್ಬಳೇ.

ಪೆನ್ನಿನ ಮಾತನ್ನು ಬರೆದ ಕೈ ಇದೇ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ.

ಈಗ ಕೇಳು. ಅಧ್ಯಕ್ಷರು ಆ ತಾಯಿಯನ್ನು, “ಇಂಥಾ ಹೊತ್ತಲ್ಲಿ ತಂದೆಯಾದವನು ಮನೆ ಬಿಟ್ಟು ಯಾಕಮ್ಮ ಹೋಗಿದ್ದ?” ಎಂದು ಕೇಳಿದಾಗ ಆಕೆ ಹೇಳಿದ್ದು ನಿನಗೂ ನೆನಪಿರಬೇಕು. “ನಿಮ್ಮ ಅಣೆಕಟ್ಟು ಕಟ್ಟಕ್ಕೆ ಹೋಗಿದ್ರು ಸ್ವಾಮಿ. ನೀವೇ ಲಾರಿ ಕಳಿಸಿದ್ರಿ.” ನೀವು ಹೋದ ಮೇಲೆ ಆ ಕೋಣೆಯಲ್ಲಿ ಯಾರೂ ಸಿಗರೇಟು ಹಚ್ಚಲಿಲ್ಲ. ಗಿರಣಿ ಮಾಲೀಕರು, “ಅಣೆಕಟ್ಟಿನಲ್ಲಿ ನಮ್ಮ ಕ್ಷೇತ್ರದವರು ಎಷ್ಟು ಜನ ಇದ್ದಾರೆ?” ಎಂದು ಗುಮಾಸ್ತನನ್ನು ಕೇಳಿದರು. ಮೂರು ಸಾವಿರ ಎಂದ. ಪಕ್ಕದವರು ತಮ್ಮದನ್ನು ಕೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಕೇಳಿದರು. ಅಷ್ಟು ಮನೆಗಳಲ್ಲಿ ತಂದೆ ಬದುಕಿದ್ದಾನೆ, ಊರಲ್ಲಿಲ್ಲ. ಅಷ್ಟು ಮನೆಗಳಲ್ಲಿ ಇನ್ನು ಹದಿನಾಲ್ಕು ತಿಂಗಳಿಗೆ ಮತ ಹಾಕುವ ತಾಯಿ ಇದ್ದಾಳೆ. ಅವರ ಮನಸ್ಸು ಕರಗಿತು ಎಂದು ಬರೆಯಲು ನನಗೆ ಆಸೆ. ಆದರೆ ನಾನು ನೋಡಿದ್ದು ಅವರು ಬೆರಳು ಎಣಿಸಿದ್ದನ್ನು.

ಆದರೂ ಸಮಿತಿ ಬದಲಾಗಲಿಲ್ಲ. ಮೊನ್ನೆ ಸದನದಲ್ಲಿ ನಾನೇ ಎದ್ದು, ನಾನೇ ಸಹಿ ಹಾಕಿದ ವಿಧಿಯಿಂದ ‘ಮೃತಪಟ್ಟಿದ್ದಲ್ಲಿ ಅಥವಾ ವಿಚ್ಛೇದನವಾಗಿದ್ದಲ್ಲಿ’ ಎಂಬುದನ್ನು ತೆಗೆದು ‘ತಂದೆ ಅಥವಾ ತಾಯಿ’ ಎಂದಷ್ಟೇ ಸೇರಿಸಬೇಕೆಂದು ಸೂಚಿಸಿದೆ. ಪಕ್ಷದ ಸಚೇತಕರು ಬಂದು ನನ್ನ ಕುರ್ಚಿಯ ಹಿಂದೆ ಬಗ್ಗಿ, “ವಾಪಸ್ ತಗೊಳ್ಳಿ. ಸಂಜೆ ನಿಮ್ಮ ಹೆಸರು ರಾಜಭವನಕ್ಕೆ ಹೋಗುತ್ತೆ” ಎಂದರು. “ಹೆಸರು ಹೊಡೆದು ಹಾಕಿ” ಎಂದೆ. ಜೋರಾಗಿಯೇ ಅಂದೆ, ಗ್ಯಾಲರಿಗೂ ಕೇಳಿಸಿತಂತೆ. ಆಮೇಲೆ ಸಭಾಧ್ಯಕ್ಷರ ಅನುಮತಿ ಪಡೆದು ಸದನಕ್ಕೆ ಹೇಳಿದೆ, “ಆಗಸ್ಟಿನಲ್ಲಿ ನಾನು ಆಡಿದ ಭಾಷಣದಲ್ಲಿ ಕಲ್ಲುಹೃದಯದ ಗುಮಾಸ್ತೆ ಎಂದಿದ್ದೆ. ಅವಳು ನನ್ನ ತಂಗಿ. ಅವಳು ಪಾಲಿಸಿದ್ದು ನಾವು ಬರೆದದ್ದನ್ನು. ಕಲ್ಲು ಇರುವುದು ಈ ಕಟ್ಟಡದಲ್ಲಿ.”

ಎಂಬತ್ತೆರಡು ಮತ ಬಂತು. ವಿರೋಧ ಪಕ್ಷದವರೆಲ್ಲ ಕೈ ಎತ್ತಿದರು, ನಮ್ಮವರಲ್ಲಿ ಹೆದರಿದವರು, ಎಣಿಸಿದವರು, ಒಂದಿಬ್ಬರು ನಿಜವಾಗಿ ಒಪ್ಪಿದವರು. ಸಮಿತಿಯ ಅಧ್ಯಕ್ಷರು ವಿರುದ್ಧ ಹಾಕಿದರು. ಗಿರಣಿ ಮಾಲೀಕರು ಮತದ ಹೊತ್ತಿಗೆ ಚಹಾ ಕುಡಿಯಲು ಎದ್ದುಹೋದರು. ನಿನ್ನೆ ಪಕ್ಷ ನನ್ನನ್ನು ಉಚ್ಚಾಟಿಸಿದೆ. ಮುಂದಿನ ಚುನಾವಣೆಗೆ ನನ್ನ ಕ್ಷೇತ್ರದ ಟಿಕೆಟ್ ಯಾರಿಗೆ ಎಂಬ ಜಗಳ ಈಗಲೇ ಶುರುವಾಗಿದೆ.

ನಿನ್ನ ಅಮಾನತು ರದ್ದು ಮಾಡಿ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ನಿನಗೆ ಸಿಟ್ಟು ಬರುತ್ತಿತ್ತು. ಹೇಳಬೇಕೆಂದರೂ ಈಗ ನನ್ನ ಮಾತು ಕೇಳುವವರಿಲ್ಲ.

ಅಕ್ಕ

17 ಮಾರ್ಚ್ 1975

ಅಕ್ಕಾ,

ಮೂರು ತಿಂಗಳು ಬರೆಯಲಿಲ್ಲ. ಮುನಿಸು ಎಂದು ತಿಳಿದುಕೊಂಡಿರುತ್ತೀಯ. ಈ ಸಲ ನಿನ್ನ ಊಹೆ ಸರಿ.

ನನ್ನನ್ನು ಫೆಬ್ರವರಿಯಲ್ಲಿ ವಾಪಸು ತೆಗೆದುಕೊಂಡರು, ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟು. ಸೂಪರಿಂಟೆಂಡೆಂಟರು ಬೇರೆ ಊರಿಗೆ ಹೋದರು, ಬಡ್ತಿಯ ಮೇಲೆ! ಓದಿ ನಿನಗೂ ಮೈ ಉರಿಯಲಿ.

ಹೊಸಬರು ಸಮಿತಿಯ ಸಾಕ್ಷ್ಯದ ಪ್ರತಿ ತರಿಸಿಕೊಂಡು, ಹಳೆಯ ರಿಜಿಸ್ಟರ್ ತೆಗೆಸಿದರು. ‘ತಡವಾಗಿ ಕರೆತರಲಾಗಿದೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ನಾನೇ ಹೊಡೆದು ಹಾಕಿದೆ. ಕೆಳಗೆ ಬರೆದೆ: ‘ಸೋಮವಾರ ಬೆಳಿಗ್ಗೆ 10.40ಕ್ಕೆ ತಾಯಿ ಕರೆತಂದಿದ್ದರು. ದಾಖಲಾತಿ ನಿರಾಕರಿಸಲಾಯಿತು. ನಿರಾಕರಿಸಿದವಳು ನಾನು.’ ನನ್ನ ಸಹಿ ಹಾಕಿದೆ. ಅದರ ನಕಲು ತೆಗೆದುಕೊಂಡು ಆ ತಾಯಿಯ ಜೊತೆ ಹೊಳೆಯಾಚೆ ಹಳ್ಳಿಗೆ ಹೋದೆ. ಗಂಡ, ಮಾವ, ಅತ್ತೆ ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಓದಿದೆ. ಮಾವ, “ಈಗ ಇದೆಲ್ಲ ಯಾಕಮ್ಮ?” ಎಂದರು. ಅವಳು, “ಇನ್ನೊಂದು ಸಲ ಓದಿ” ಎಂದಳು. ಇನ್ನೊಂದು ಸಲ ಓದಿದೆ. ಗಂಡ ಎದ್ದು ಒಳಗೆ ಹೋದ. ಒಳಗಿಂದ ಅಳುವ ಸದ್ದು ಕೇಳಿಸಿತು. ಅವಳು ಒಳಗೆ ಹೋಗಲಿಲ್ಲ. ಅಂಗಳದಲ್ಲೇ ತಿರುಗಿ, ನನ್ನ ಜೊತೆ ದೋಣಿ ಹತ್ತಿದಳು.

ದೋಣಿಯಲ್ಲಿ ಹೇಳಿದಳು, “ನಿಮ್ಮನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ.” ಇಲ್ಲ ಎಂದೆ. “ನಿಮ್ಮಕ್ಕನನ್ನೂ ಅಷ್ಟೇ.” ಹೇಳುತ್ತೇನೆ ಎಂದೆ. ಹೇಳಿದ್ದೇನೆ.

ನಿನ್ನ ಮೇಲಿನ ನನ್ನ ಸಿಟ್ಟು ಕೂಡ ಇಳಿದಿಲ್ಲ. ಸದನದಲ್ಲಿ ತಂಗಿ ಎಂದೆಯಂತೆ. ಒಳ್ಳೆಯದು. ಅದನ್ನು ಆಗಸ್ಟಿನಲ್ಲಿ ಹೇಳಬೇಕಿತ್ತು. ಒಮ್ಮೆ ಇಲ್ಲಿಗೆ ಬಾ. ಕಾಗದದಲ್ಲಿ ಜಗಳವಾಡಿ ನನಗೆ ಸಾಕಾಗಿದೆ, ಎದುರು ಕೂತು ಆಡೋಣ. ಗುಬ್ಬಿಯನ್ನು ಪಕ್ಕದ ಮನೆಗೆ ಕಳಿಸುತ್ತೇನೆ.

ಇವತ್ತಿನದೊಂದು ಹೇಳಿ ಮುಗಿಸುತ್ತೇನೆ. ಹೊಸ ಫಾರಂ ಇವತ್ತೇ ಬಂತು. ಮೊದಲು ಬಂದವಳು ಸಣ್ಣ ವಯಸ್ಸಿನ ಹುಡುಗಿ, ತೋಳಿನಲ್ಲಿ ಜ್ವರದಿಂದ ಕೆಂಡವಾಗಿದ್ದ ಕೂಸು. ಫಾರಂ ಅವಳ ಕಡೆ ತಿರುಗಿಸಿ, “ಇಲ್ಲಿ ಸಹಿ ಹಾಕಿ” ಎಂದೆ.

“ಇವರಪ್ಪ ಬರಬೇಕಲ್ವಾ? ಅವರು ಲಾರಿ ಮೇಲೆ ಹೋಗಿದ್ದಾರೆ.”

“ಬೇಕಾಗಿಲ್ಲ. ನೀವು ಹಾಕಿ.”

ಕೂಸನ್ನು ಎಡಗೈಗೆ ಬದಲಿಸಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಬರೆದಳು. ನಾನು ನಂಬರ್ ಕೊಟ್ಟೆ. ಅವಳು ಅಲ್ಲೇ ನಿಂತಿದ್ದಳು. ಇನ್ನೂ ಏನೋ ಕೇಳುತ್ತಾರೆ, ಇನ್ನೆಲ್ಲಿಗೋ ಓಡಿಸುತ್ತಾರೆ ಎಂದು ಕಾಯುತ್ತಿದ್ದಳು.

“ಅಷ್ಟೇನಾ?” ಎಂದಳು.

“ಅಷ್ಟೇ” ಎಂದೆ.

ಅವಳು ಡಾಕ್ಟರ ಕೋಣೆಯತ್ತ ಓಡಿದಳು. ನಾನು ಗಡಿಯಾರ ನೋಡಿದೆ. ಒಂದು ನಿಮಿಷವೂ ಆಗಿರಲಿಲ್ಲ ಅಕ್ಕಾ. ನನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಮೇಜಿಗೆ ಎಷ್ಟು ಜೋರಾಗಿ ಗುದ್ದಿದೆ ಎಂದರೆ ಸಾಲಿನಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟೇ ಆಗಿತ್ತು. ಅಷ್ಟೇ.

ನಿನ್ನ ತಂಗಿ